ಒಂದು ಮಾತು ಕೇಳಬೇಕಿತ್ತು

ನಮ್ಮ ವಾರ್ಡಿನ ಸದಸ್ಯ ಎಲ್ಲಿದ್ದಾನೆ ಎಂಬುದು ನಮಗೆ ಗೊತ್ತಾದದ್ದು ಟಿ.ವಿ.ಯಿಂದ.

ಭಾನುವಾರದ ಬೆಳಗು. ಅತ್ತೆ ಸೋಫಾದ ಮೇಲೆ ಕಾಲು ಮಡಚಿ ಕೂತು ಮೆಂತೆಪಲ್ಲೆ ಸೋಸುತ್ತಿದ್ದರು. ನಮ್ಮ ಮನೆಯ ಮುಂದಿನ ಕೋಣೆಯೇ ನನ್ನ ಹೊಲಿಗೆಯ ಅಂಗಡಿ. ನಾನು ಅಲ್ಲಿ ಯಾರದೋ ಮದುವೆಯ ಕುಪ್ಪಸಗಳಿಗೆ ಹುಕ್ಕು ಹಚ್ಚುತ್ತಿದ್ದೆ. ಅತ್ತೆ ಒಮ್ಮೆಲೇ ಕೂಗಿದರು.

“ಏ, ಲಗೂ ಬಾ ಇಲ್ಲಿ. ಇವ ನಮ್ಮವನ ಅಲ್ಲೇನ?”

ಮೇಯರ್ ಚುನಾವಣೆ ಮುಗಿಯುವವರೆಗೆ ಒಂದು ಪಕ್ಷದವರು ಪಾಲಿಕೆಯ ಸದಸ್ಯರನ್ನು ಸಮುದ್ರದ ದಂಡೆಯ ಯಾವುದೋ ರೆಸಾರ್ಟಿನಲ್ಲಿ ಇಟ್ಟಿದ್ದಾರೆ ಎಂದು ಸುದ್ದಿ ಓದುವವಳು ಹೇಳುತ್ತಿದ್ದಳು. ಪರದೆಯ ತುಂಬ ನೀಲಿ ಈಜುಕೊಳ. ಎದೆಮಟ್ಟದ ನೀರಿನಲ್ಲಿ ಕಪ್ಪು ಕನ್ನಡಕ ಹಾಕಿಕೊಂಡು ನಿಂತಿದ್ದ ಒಬ್ಬ, ಕ್ಯಾಮೆರಾ ತನ್ನ ಕಡೆ ಬಂದದ್ದೇ ಮುಖ ತಿರುಗಿಸಿದ. ಹಾಗೆ ತಿರುಗಿಸಿದ್ದರಿಂದಲೇ ನನಗೆ ಗುರುತು ಹತ್ತಿತು. ಎಡಗಿವಿಯ ಹಿಂದೆ ಸುಟ್ಟ ಕಲೆ. ನಮ್ಮ ಬೋರಿನ ಮೋಟರ್ ರಿಪೇರಿ ಮಾಡುವಾಗ ಆದ ಕಲೆ ಅದು.

“ಹೌದ್ರಿ, ನಮ್ಮವನ,” ಅಂದೆ.

ಅತ್ತೆ ಮೆಂತೆಪಲ್ಲೆಯ ಬುಟ್ಟಿಯನ್ನು ಪಕ್ಕಕ್ಕೆ ಸರಿಸಿದರು. ಸುದ್ದಿ ಕ್ರಿಕೆಟಿಗೆ ಹೊರಳಿದ ಮೇಲೂ ಪರದೆಯನ್ನೇ ನೋಡುತ್ತ ಕೂತಿದ್ದರು. ಅಷ್ಟರಲ್ಲಿ ನನ್ನ ಫೋನು ಬಡಿದುಕೊಳ್ಳತೊಡಗಿತು. ಓಣಿಯ ಎಲ್ಲರ ಮನೆಯಲ್ಲೂ ಅದೇ ಚಾನೆಲ್ ಹಚ್ಚಿದ್ದರೇನೋ.

ಅವನನ್ನು ಚುನಾವಣೆಗೆ ನಿಲ್ಲಿಸಿದವರು ನಾವೇ. ಅದನ್ನು ಮೊದಲು ಹೇಳಬೇಕು.

ಬೈರಿದೇವರಕೊಪ್ಪದ ಆಚೆ ಹೊಲಗಳೆಲ್ಲ ಪ್ಲಾಟುಗಳಾದಾಗ ಎದ್ದ ಬಡಾವಣೆಗಳಲ್ಲಿ ನಮ್ಮದೂ ಒಂದು. ಬಡಾವಣೆಗೂ ದೊಡ್ಡ ರಸ್ತೆಗೂ ನಡುವೆ ಒಂದು ಹಳ್ಳ ಹರಿಯುತ್ತದೆ. ಅದರಲ್ಲಿ ಪೈಪು ಹಾಕಿ, ಮೇಲೆ ಕಾಂಕ್ರೀಟು ಸುರಿದು ದಾರಿ ಮಾಡಿಕೊಟ್ಟು ಪ್ಲಾಟು ಮಾರಿದವರು ಹೋದರು. ಬೇಸಿಗೆಯಲ್ಲಿ ಆ ದಾರಿಯಲ್ಲಿ ಏನೂ ತೊಂದರೆಯಿಲ್ಲ. ಮಳೆಗಾಲದಲ್ಲಿ ನೀರು ದಾರಿಯ ಮೇಲೆಯೇ ಹರಿಯುತ್ತದೆ. ಆಗ ಶಾಲೆಗೆ, ಬಸ್ಸಿಗೆ, ದವಾಖಾನೆಗೆ ಹೋಗುವವರೆಲ್ಲ ದೂರದ ಸುತ್ತು ಹಾಕಬೇಕು, ಇಲ್ಲವೇ ಧೈರ್ಯ ಮಾಡಿ ನೀರಿಗಿಳಿಯಬೇಕು.

ಸೇತುವೆ ಮಾಡಿಸಿಕೊಡುತ್ತೇವೆಂದು ಮೊದಲೊಂದು ಪಕ್ಷದವರು ಬಂದಿದ್ದರು. ಹಳ್ಳದ ದಂಡೆಯಲ್ಲಿ ಕೈ ಚಾಚಿ ನಿಂತು ಫೋಟೋ ತೆಗೆಸಿಕೊಂಡು ಗೆದ್ದು ಹೋದರು. ಮುಂದಿನ ಸಲ ಇನ್ನೊಂದು ಪಕ್ಷದವರು ಬಂದು, ಮೊದಲಿನವರು ಏನೂ ಮಾಡಲಿಲ್ಲ ನೋಡಿರೆಂದು ಅದೇ ಜಾಗದಲ್ಲಿ ನಿಂತು ಫೋಟೋ ತೆಗೆಸಿಕೊಂಡರು. ಅವರೂ ಗೆದ್ದರು. ಹಳ್ಳ ಮಾತ್ರ ಇದ್ದ ಹಾಗೇ ಇತ್ತು.

ಆಗ ಎದುರು ಮನೆಯ ಕಾಕಾ ಒಂದು ಮಾತು ತೆಗೆದರು. ಕಾಕಾ ರೇಲ್ವೆಯಲ್ಲಿ ಗಾರ್ಡ್ ಆಗಿ ನಿವೃತ್ತರಾದವರು. ಇಸ್ತ್ರಿ ಹಾಕಿದ ಅಂಗಿ ಇಲ್ಲದೆ ಹಾಲು ತರಲೂ ಹೊರಗೆ ಬೀಳುವವರಲ್ಲ. “ಪಾರ್ಟಿಯವ್ರನ್ನ ನೋಡಿದ್ದಾತು. ನಮ್ಮ ಓಣಿಯೊಳಗಿನ ಮನಶಾನ ಯಾಕ ನಿಲ್ಲಸಬಾರದು?” ಎಂದರು.

ಎಲ್ಲರ ಬಾಯಿಗೂ ಬಂದದ್ದು ಒಂದೇ ಹೆಸರು. ಮೋಟರ್ ರಿಪೇರಿ ಅಂಗಡಿ ಇಟ್ಟುಕೊಂಡಿದ್ದ ಹುಡುಗ, ಮದುವೆಯಾಗಿ ಒಂದು ಮಗುವಿನ ತಂದೆ. ಲಾಕ್‌ಡೌನ್ ದಿನಗಳಲ್ಲಿ ಅತ್ತೆಯ ಇನ್ಸುಲಿನ್ ಹುಬ್ಬಳ್ಳಿಯ ಯಾವ ಅಂಗಡಿಯಲ್ಲೂ ಸಿಗಲಿಲ್ಲ. ನನ್ನ ಗಂಡ ಬೀಜದ ಕಂಪನಿಯ ಕೆಲಸಕ್ಕೆ ಹೋದವರು ಬೇರೆ ಜಿಲ್ಲೆಯಲ್ಲೇ ಸಿಕ್ಕಿಬಿದ್ದಿದ್ದರು. ಆಗ ಇವನು ಬೈಕಿನಲ್ಲಿ ಧಾರವಾಡಕ್ಕೆ ಹೋಗಿ, ಪೊಲೀಸರ ಕೈಯಲ್ಲಿ ಒಂದು ಏಟು ತಿಂದು, ಇನ್ಸುಲಿನ್ ತಂದು ಬಾಗಿಲಲ್ಲಿಟ್ಟು ಹೋಗಿದ್ದ. ನಮ್ಮ ಒಂದು ಮನೆಗಷ್ಟೇ ಮಾಡಿದ್ದಲ್ಲ. ಯಾರಿಗೆ ಏನು ಬೇಕಿತ್ತೋ ಅದನ್ನು ತಂದುಕೊಟ್ಟಿದ್ದ.

ಸಭೆಯನ್ನು ಖಾಲಿ ಸೈಟಿನಲ್ಲಿ ಕರೆದೆವು. ಅವನು ಹಿಂದೆ ನಿಂತು ತಲೆ ಅಲ್ಲಾಡಿಸುತ್ತಲೇ ಇದ್ದ.

“ನನಗ ಭಾಷಣ ಮಾಡಾಕ ಬರಂಗಿಲ್ರಿ. ನನ್ನ ಬಿಡ್ರಿ.”

ನಾನು ಎದ್ದು ನಿಂತೆ. ಅಷ್ಟು ಜನರ ಮುಂದೆ ಮಾತಾಡಿದ್ದು ಅದೇ ಮೊದಲು. “ಭಾಷಣ ಬರೋರನ್ನ ನೋಡೇವಿ ತಮ್ಮಾ. ಈ ಸಲ ಕೆಲಸ ಬರೋವ ಬೇಕು. ನೀ ಬ್ಯಾಡ ಅನಬ್ಯಾಡ,” ಎಂದೆ.

ಜನ ಚಪ್ಪಾಳೆ ತಟ್ಟಿದರು. ಅವನು ಮುಂದೆ ಬಂದು, ಕಿವಿಯ ಹಿಂದಿನ ಕಲೆಯನ್ನು ಉಜ್ಜಿಕೊಳ್ಳುತ್ತ, ಕೆಳಗೆ ನೋಡುತ್ತ ಹೇಳಿದ. “ಆತ್ರಿ. ಆದ್ರ ಒಂದ್ ಮಾತು. ನಾ ಏನ ಮಾಡಿದ್ರೂ ನಿಮ್ಮನ್ನ ಕೇಳೇ ಮಾಡ್ತೇನಿ. ಇಲ್ಲೇ ಬಂದು ಕೇಳ್ತೇನಿ.”

ಚುನಾವಣೆಯ ಚಿಹ್ನೆಯಾಗಿ ಅವನಿಗೆ ಸೀಟಿ ಸಿಕ್ಕಿತು. ಕಾಕಾನ ಖುಷಿಯನ್ನು ಕೇಳಬೇಡಿ. ಕಪಾಟಿನಲ್ಲಿಟ್ಟಿದ್ದ ರೇಲ್ವೆ ಸೀಟಿಯನ್ನು ತೆಗೆದು ಕೊರಳಿಗೆ ಹಾಕಿಕೊಂಡವರು ಪ್ರಚಾರ ಮುಗಿಯುವವರೆಗೂ ಇಳಿಸಲಿಲ್ಲ. ಅವರು ಮುಂದೆ ಸೀಟಿ ಊದುತ್ತ, ನಾವು ಹೆಂಗಸರು ಹಿಂದೆ ನಡೆಯುತ್ತ ಮನೆಮನೆಗೆ ಹೋದೆವು. ಬಾಗಿಲು ತೆರೆದವರು ಮೊದಲು ನಗುತ್ತಿದ್ದರು, ಆಮೇಲೆ ಒಳಗೆ ಕರೆಯುತ್ತಿದ್ದರು.

ಕರೆಯದವರು ಒಬ್ಬರೇ. ಕೊನೆಯ ಸಾಲಿನ ಮನೆಯ ನರ್ಸ್ ಬಾಯಿ. ಹುಬ್ಬಳ್ಳಿಯ ಆಸ್ಪತ್ರೆಯೊಂದರಲ್ಲಿ ಪಾಳಿಯ ಕೆಲಸ, ತಾಯಿಯ ಜೊತೆ ಇರುತ್ತಿದ್ದರು. ಬಾಗಿಲ ಚೌಕಟ್ಟಿಗೆ ಒರಗಿ ನಿಂತು ನಮ್ಮ ಮಾತನ್ನೆಲ್ಲ ಕೇಳಿ, “ನಾ ಓಟ್ ಹಾಕೂದು ಬಿಟ್ಟು ಭಾಳ ವರ್ಷ ಆತ್ರಿ. ಯಾರಿಗೆ ಹಾಕಿದ್ರೂ ಅಷ್ಟ,” ಎಂದರು. ಸಿಟ್ಟಿನಿಂದ ಹೇಳಲಿಲ್ಲ. ಇವತ್ತು ನೀರು ಬಂದಿಲ್ಲ ಎನ್ನುವ ಹಾಗೆ ಹೇಳಿದರು.

ಉಳಿದವರು ಮುಂದೆ ಹೋದರು. ನಾನು ನಿಂತೆ.

“ಅವನ ಮಾರಿ ನೋಡಬ್ಯಾಡ್ರಿ ಹಂಗಾದ್ರ. ನನ್ನ ಮಾರಿ ನೋಡಿ ಹಾಕ್ರಿ. ನನ್ನ ಎಷ್ಟು ವರ್ಷದಿಂದ ನೋಡೀರಿ ನೀವು?”

ಅವರು ಸಣ್ಣಗೆ ನಕ್ಕರು. ಹಾಕುತ್ತೇನೆ ಎನ್ನಲಿಲ್ಲ. ಮತದಾನದ ದಿನ ಪಾಳಿ ಮುಗಿಸಿ, ನಿದ್ದೆಗೆಟ್ಟ ಕಣ್ಣಿನಲ್ಲಿ ಬಂದು ಸಾಲಿನಲ್ಲಿ ನಿಂತರು. ನನ್ನನ್ನು ನೋಡಿ ಬೆರಳೆತ್ತಿ ತೋರಿಸಿದರು. ಇನ್ನೂ ಶಾಯಿ ಹಚ್ಚಿರಲಿಲ್ಲ.

ಅವನು ಗೆದ್ದ. ಓಣಿಯಲ್ಲಿ ಗುಲಾಲು ಹಾರಿತು. ಅತ್ತೆಯ ಕಾಲಿಗೆ ಬಿದ್ದವನನ್ನು ಅತ್ತೆ ಎಬ್ಬಿಸಿ, ಹಣೆಯ ಗುಲಾಲನ್ನು ಸೆರಗಿನಿಂದ ಒರೆಸಿ, “ಮೊದಲ ಉಣ್ಣ ಬಾ, ಬೆಳಿಗ್ಗಿಂದ ತಿರಗಾಕತ್ತೀದಿ,” ಎಂದು ಒಳಗೆ ಕರೆದು ರೊಟ್ಟಿ, ಜುಣಕ ಬಡಿಸಿದರು. ಮೊದಲ ಕೆಲವು ವಾರ ಅವನು ಬಹಳ ಓಡಾಡಿದ. ಕತ್ತಲಿದ್ದ ಎರಡು ಓಣಿಗಳಿಗೆ ದೀಪ ಬಂತು. ಕಸದ ಗಾಡಿ ಒಳಗಿನ ಸಾಲುಗಳಿಗೂ ಬರತೊಡಗಿತು. ನಾವು ಬೀಗಿದೆವು. ಬೇರೆ ಬಡಾವಣೆಯವರು ಸಿಕ್ಕರೆ, ನಮ್ಮ ಸದಸ್ಯ ನಮ್ಮ ಮನೆಯ ಹುಡುಗ ಎಂದು ನಾನೇ ಎಷ್ಟು ಸಲ ಹೇಳಿದೆನೋ.

ಪಾಲಿಕೆಯಲ್ಲಿ ಯಾವ ಪಕ್ಷಕ್ಕೂ ಬಹುಮತ ಇರಲಿಲ್ಲ. ಒಂದು ಮಧ್ಯಾಹ್ನ ಅವನ ಅಂಗಡಿಯ ಮುಂದೆ ದೊಡ್ಡ ಕಾರೊಂದು ನಿಂತಿತ್ತು ಎಂದು ಯಾರೋ ಹೇಳಿದರು. ಆಮೇಲೆ ಅಂಗಡಿಯ ಬಾಗಿಲು ಮುಚ್ಚಿತ್ತು. ಫೋನು ಬಂದ್ ಆಗಿತ್ತು. ಹೆಂಡತಿಯನ್ನು ಕೇಳಿದರೆ, “ಏನೋ ಮೀಟಿಂಗ್ ಅಂತ ಹೋಗ್ಯಾರ್ರಿ,” ಎಂದಳು. ಆಮೇಲೆ ಬಂದದ್ದು ಆ ಭಾನುವಾರ, ಆ ನೀಲಿ ನೀರು.

ಅವತ್ತು ಸಂಜೆ ನಮ್ಮ ಅಂಗಡಿಯಲ್ಲಿ ನಾಲ್ಕಾರು ಜನ ಸೇರಿ ಬೈದಾಡಿದರು. ಎಷ್ಟಕ್ಕೆ ಮಾರಿಕೊಂಡನೋ ಎಂದರು. ಎಲ್ಲರೂ ಎದ್ದು ಹೊರಟಾಗ ಅತ್ತೆ ಹೇಳಿದರು.

“ಆ ಪಾರ್ಟಿಗೆ ಹೋಗ್ತಾನೋ ಈ ಪಾರ್ಟಿಗೆ ಹೋಗ್ತಾನೋ, ನನಗೇನ್ ತಿಳೀತೈತಿ. ನಮ್ಮನ್ನ ಒಂದ್ ಮಾತು ಕೇಳಬೇಕಿತ್ತು.”

ಎಲ್ಲರ ಬೈಗುಳಕ್ಕಿಂತ ಆ ಮಾತು ನನ್ನೊಳಗೆ ಉಳಿಯಿತು. ನನಗೂ ಸಂಕಟವಾಗಿದ್ದು ಅದಕ್ಕೇ.

ಆ ವಾರವೇ ಮಳೆ ಹಿಡಿಯಿತು. ಹಳ್ಳದಲ್ಲಿ ಕೆಂಪು ನೀರು ಬಂತು. ದಾರಿಯ ಮೇಲೆ ಇನ್ನೂ ಪಾದ ಮುಳುಗುವಷ್ಟೇ ಇದೆ ಎಂದುಕೊಂಡು ಕಾಕಾ ಸ್ಕೂಟರ್ ಇಳಿಸಿದರು. ನಡುವೆ ಕಾಂಕ್ರೀಟು ಕಿತ್ತುಹೋದದ್ದು ನೀರಿನ ಕೆಳಗೆ ಕಾಣಲಿಲ್ಲ. ಕೂಗು ಕೇಳಿ ನಾನು ಟೇಪು ಕೊರಳಲ್ಲಿರುವಂತೆಯೇ ಕೊಡೆ ಹಿಡಿದು ಓಡಿದೆ. ನಾನು ಹೋಗುವಷ್ಟರಲ್ಲಿ ನರ್ಸ್ ಬಾಯಿ ನೀರಿಗಿಳಿದು, ಕಾಕಾನ ಕಂಕುಳಲ್ಲಿ ಕೈ ಹಾಕಿ ಹಿಡಿದುಕೊಂಡಿದ್ದರು. ಸ್ಕೂಟರು ಆಗಲೇ ಹರಿದುಹೋಗಿ ಕೆಳಗಿನ ಜಾಲಿಯ ಪೊದೆಯಲ್ಲಿ ಸಿಕ್ಕಿಬಿದ್ದಿತ್ತು. ನಾವಿಬ್ಬರೂ ಕೂಡಿ ಕಾಕಾನನ್ನು ಎಳೆದು ದಂಡೆಗೆ ತಂದೆವು. ಕಾಲು ಮುರಿದಿತ್ತು. ನರ್ಸ್ ಬಾಯಿ ನನ್ನ ಕೊಡೆಯನ್ನು ಮಡಚಿ ಕಾಲಿಗೆ ಆನಿಸಿ, ತಮ್ಮ ಓಢಣಿಯನ್ನು ಹರಿದು ಕಟ್ಟಿದರು. ಅಷ್ಟು ನೋವಿನಲ್ಲೂ ಕಾಕಾ, “ಅವಂಗ ಒಂದ್ ಫೋನ್ ಹಚ್ರಿ, ಗಾಡಿ ಕಳಸ್ತಾನ,” ಎಂದರು. ಅಭ್ಯಾಸಬಲ. ನಾನು ಹಚ್ಚಿದೆ. ಬಂದ್ ಆಗಿತ್ತು.

ರಿಕ್ಷಾದಲ್ಲಿ ಆಸ್ಪತ್ರೆಗೆ ಹೋಗುವಾಗ ಕಾಕಾ ಕಣ್ಣು ಮುಚ್ಚಿಕೊಂಡಿದ್ದರು. ನರ್ಸ್ ಬಾಯಿ ಒದ್ದೆ ಬಟ್ಟೆಯಲ್ಲಿ ಹೊರಗೆ ನೋಡುತ್ತ ಕೂತಿದ್ದರು.

“ಅವ ಹಿಂಗ ಮಾಡ್ತಾನ ಅನ್ಕೊಂಡಿರಲಿಲ್ಲ್ರಿ,” ಎಂದೆ ನಾನು, ಏನಾದರೂ ಹೇಳಬೇಕೆಂದು.

“ಅಕ್ಕಾರ,” ಎಂದರು ಅವರು, ನನ್ನ ಕಡೆ ತಿರುಗದೆ. “ನಾ ಅವಂಗ ಹಾಕಿರಲಿಲ್ಲ. ನಿಮಗ ಹಾಕಿದ್ದೆ.”

ಆಸ್ಪತ್ರೆಯ ಬಾಗಿಲು ಬಂತು, ಇಳಿದೆವು, ಓಡಾಡಿದೆವು. ಆದರೆ ಅವತ್ತಿನಿಂದ ನಾನು ಓಣಿಯಲ್ಲಿ ನಡೆಯುವ ರೀತಿಯೇ ಬೇರೆಯಾಯಿತು. ಪ್ರತಿ ಬಾಗಿಲ ಮುಂದೆಯೂ, ಇಲ್ಲಿ ನಿಂತು ನಾನೇನು ಹೇಳಿದ್ದೆ ಎಂದು ನೆನಪಾಗುತ್ತಿತ್ತು. ಅವನು ಹೋದದ್ದು ತಾನೊಬ್ಬನೇ ಎಂದುಕೊಂಡಿದ್ದ. ನಮ್ಮ ನಮ್ಮೊಳಗಿನ ನಂಬಿಕೆಯನ್ನೂ ಎತ್ತಿಕೊಂಡು ಹೋಗಿದ್ದ. ಬ್ಲೌಸ್ ಹೊಲಿಸಲು ಬರುತ್ತಿದ್ದ ಒಂದಿಬ್ಬರು ಬರುವುದನ್ನು ಬಿಟ್ಟರು. ಬಂದವರು ಚುನಾವಣೆಯ ಮಾತನ್ನೇ ಎತ್ತುತ್ತಿರಲಿಲ್ಲ. ಸತ್ತ ಮನೆಯಲ್ಲಿ ಮಾತಾಡುವ ಹಾಗೆ ಜಾಗರೂಕತೆಯಿಂದ ಮಾತಾಡುತ್ತಿದ್ದರು.

ಮೇಯರ್ ಚುನಾವಣೆ ಮುಗಿದ ಮೇಲೆ ಅವನು ಬಂದ. ಹೆಗಲ ಮೇಲೆ ಪಕ್ಷದ ಶಾಲು, ಹಿಂದೆ ಬೇರೆ ಊರಿನ ಮುಖಗಳು, ಪಟಾಕಿ. ಓಣಿಯ ಬಾಗಿಲುಗಳು ತೆರೆಯಲಿಲ್ಲ. ಪಟಾಕಿ ತಾನೇ ಸಿಡಿದು ಮುಗಿಯಿತು. ಮರುದಿನ ಶಾಲಿಲ್ಲದೆ, ಒಬ್ಬನೇ, ನನ್ನ ಅಂಗಡಿಗೆ ಬಂದ.

“ಬರ್ರಿ, ಕುಂದರ್ರಿ,” ಎಂದೆ.

ಅವನು ನಿಂತೇ ಇದ್ದ. “ಅಕ್ಕಾರ, ನನಗ ‘ರಿ’ ಹಚ್ಚಾಕತ್ತೀರಲ್ಲ?”

“ಈಗ ನೀವು ದೊಡ್ಡವರಾಗೀರಿ.”

ಕೂತ. ಕಿವಿಯ ಹಿಂದೆ ಉಜ್ಜಿಕೊಂಡ. ಆಮೇಲೆ ಒಂದೇ ಉಸಿರಿನಲ್ಲಿ ಹೇಳಿದ. “ನಾ ಒಬ್ಬವ ಏನ್ ಮಾಡಲ್ರಿ ಅಲ್ಲಿ? ಪಕ್ಷೇತರ ಅಂದ್ರ ಯಾರೂ ಕುಂದರ ಅನ್ನೂದಿಲ್ಲ. ಫೈಲ್ ತಗೊಂಡು ಹೋದ್ರ ಸಾಹೇಬ್ರು ಇಲ್ಲ ಅಂತಾರ. ಈಗ ಇವರ ಕೂಡ ಇದ್ರ ಅನುದಾನ ಬರ್ತೈತಿ. ಸೇತುವಿ ಆಕ್ಕೈತಿ. ನಾ ನಮ್ಮ ಓಣಿ ಸಲುವಾಗೇ ಹೋಗೇನ್ರಿ.”

ಅವನು ಸುಳ್ಳು ಹೇಳುತ್ತಿದ್ದಾನೆ ಎಂದು ನನಗೆ ಅನಿಸಲಿಲ್ಲ. ಅರ್ಧವಾದರೂ ನಿಜವಿತ್ತು. ಅದಕ್ಕೇ ಇನ್ನಷ್ಟು ಸಿಟ್ಟು ಬಂತು.

“ಇದನ್ನ ನಮಗ ಆ ಖಾಲಿ ಸೈಟಿನ್ಯಾಗ ಬಂದು ಹೇಳಿದ್ರ ನಾವು ಬ್ಯಾಡ ಅಂತಿದ್ದಿವೇನು?”

“ಫೋನ್ ಕಸಗೊಂಡಿದ್ದರ್ರಿ ಅವರು.”

“ಕಾರ್ ಹತ್ತೂಕಿಂತ ಮೊದಲ ಕಸಗೊಂಡಿದ್ರೇನು?”

ಅವನು ನನ್ನ ಮಷೀನಿನ ಚಕ್ರವನ್ನು ನೋಡುತ್ತ ಕೂತ. ನಾನು ಕಾಕಾನ ಕಾಲಿನ ವಿಷಯ ಹೇಳಿದೆ. ಅವನಿಗೆ ಗೊತ್ತಿತ್ತು, ಆಸ್ಪತ್ರೆಗೂ ಹೋಗಿಬಂದಿದ್ದನಂತೆ, ಕಾಕಾ ಗೋಡೆಯ ಕಡೆ ಹೊರಳಿ ಮಲಗಿದರಂತೆ. ಏಳುವಾಗ, ನನ್ನನ್ನು ಸಮಾಧಾನ ಮಾಡುವವನ ಹಾಗೆ ಹೇಳಿದ.

“ಸಿಟ್ಟು ಇರೂದ ಅಕ್ಕಾರ. ಎರಡ್ ಮೂರ್ ತಿಂಗಳಿಗೆ ಜನಾ ಮರೀತಾರ್ರಿ.”

ಈ ಮಾತು ಅವನದಲ್ಲ ಎಂದು ಕೇಳಿದ ಕೂಡಲೇ ಗೊತ್ತಾಯಿತು. ಆ ಈಜುಕೊಳದ ದಂಡೆಯಲ್ಲಿ ಯಾರೋ ಹಳಬರು ಅವನಿಗೆ ಕಲಿಸಿದ್ದರು. ಆದರೆ ಅವನ ಬಾಯಿಂದ ಅದು ಎಷ್ಟು ಸಲೀಸಾಗಿ ಬಂತೆಂದರೆ, ನಾನು ಕೈಯಲ್ಲಿದ್ದ ಕತ್ತರಿಯನ್ನು ಕೆಳಗಿಟ್ಟೆ.

“ನಾವು ಮರಿಯಂಗಿಲ್ಲ,” ಎಂದೆ. “ಪ್ರತಿ ತಿಂಗಳ ಕಡೀ ಭಾನುವಾರ ಬೆಳಿಗ್ಗೆ ಹಳ್ಳದ ದಂಡಿ ಮ್ಯಾಲೆ ಕೂಡ್ತೇವಿ. ನೀವೂ ಬರ್ರಿ. ಕೇಳಿದ್ದಕ್ಕ ಉತ್ತರ ಹೇಳ್ರಿ.”

ಹಾಗೆ ಹೇಳುವವರೆಗೂ ಅಂಥದ್ದೊಂದು ಸಭೆಯ ಯೋಚನೆ ನನ್ನ ತಲೆಯಲ್ಲಿ ಇರಲಿಲ್ಲ. ಹೇಳಿಯಾಗಿತ್ತು. ಇನ್ನು ಕೂಡಲೇಬೇಕಿತ್ತು.

ಮೊದಲ ಸಭೆಗೆ ಬಂದವರು ನಾನು, ಪ್ಲಾಸ್ಟಿಕ್ ಕುರ್ಚಿಯ ಮೇಲೆ ಅತ್ತೆ, ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ರಿಕ್ಷಾದಲ್ಲಿ ಬಂದ ಕಾಕಾ. ಹಾಲು ತರಲು ಹೋಗುವವರು ನಮ್ಮನ್ನು ನೋಡಿ, ಯಾಕೆ ಇಲ್ಲಿ ಕೂತಿರೆಂದು ಕೇಳಿ, ಹೇಳಿದ್ದನ್ನು ಕೇಳಿ, “ಛಲೋ ಮಾಡೀರಿ,” ಎಂದು ಮುಂದೆ ಹೋದರು. ನರ್ಸ್ ಬಾಯಿ ತಮ್ಮ ಸ್ಕೂಟಿಯಲ್ಲಿ ಹಾದುಹೋದರು. ವೇಗ ಕಡಿಮೆ ಮಾಡಿದರು, ನಿಲ್ಲಿಸಲಿಲ್ಲ. ನಾವು ಮೂವರು ಹಳ್ಳದ ನೀರು ನೋಡುತ್ತ ಚಹಾ ಕುಡಿದು ಎದ್ದೆವು. ಮನೆಗೆ ಬರುವಾಗ ನನಗೆ ಅಳು ಬರುವಂತಾಗಿತ್ತು. ಅತ್ತೆ ಕೋಲೂರುತ್ತ, “ಮುಂದಿನ ಸಲ ನನಗ ಆ ಹತ್ತೀ ದಿಂಬು ತಗೊಂಬಾ. ಕುರ್ಚಿ ಒತ್ತತೈತಿ,” ಎಂದರು. ಮುಂದಿನ ಸಲ ಕೂಡುವುದರ ಬಗ್ಗೆ ಅವರಿಗೆ ಸಂಶಯವೇ ಇರಲಿಲ್ಲ.

ಮುಂದಿನ ತಿಂಗಳು ಇನ್ನು ಕೆಲವರು ಬಂದರು. ಅದರ ಮುಂದಿನ ತಿಂಗಳು ಮತ್ತಷ್ಟು. ಮಾತು ಹಳ್ಳವನ್ನು ಬಿಟ್ಟು ಕುಡಿಯುವ ನೀರಿಗೆ ಹೋಯಿತು, ನಾಯಿಗಳಿಗೆ ಹೋಯಿತು, ಬಸ್ಸಿಗೆ ಹೋಯಿತು. ಇಬ್ಬರು ಹಳೆಯ ಜಗಳ ತೆಗೆದು ಕಿತ್ತಾಡಿಯೂ ಹೋದರು. ಒಮ್ಮೆ ಎದುರು ಪಕ್ಷದ ಮುಖಂಡರೊಬ್ಬರು ಹುಡುಗರನ್ನು ಕಟ್ಟಿಕೊಂಡು ಬಂದರು. ಮುಂದಿನ ಸಲದಿಂದ ಶಾಮಿಯಾನ, ಮೈಕು, ಉಪ್ಪಿಟ್ಟು ಎಲ್ಲಾ ತಾವೇ ವ್ಯವಸ್ಥೆ ಮಾಡುತ್ತೇವೆಂದರು. ಕಾಕಾ ಪ್ಲಾಸ್ಟರಿನ ಕಾಲನ್ನು ನೀಟಾಗಿ ಮುಂದೆ ಚಾಚಿಕೊಂಡು ಹೇಳಿದರು. “ಮೈಕ್ ಬ್ಯಾಡ್ರಿ, ನಮ್ಮ ಧ್ವನಿ ಸಾಕು. ನೀವೂ ಕುಂದರ್ರಿ. ನಿಮ್ಮ ಪಕ್ಷದವ್ರು ಸದಸ್ಯರಿದ್ದಾಗ ಈ ಸೇತುವಿ ಯಾಕ ಆಗಲಿಲ್ಲ, ಅಷ್ಟ ಹೇಳ್ರಿ.” ಮುಖಂಡರು ಕೈಗಡಿಯಾರ ನೋಡಿಕೊಂಡರು. ಹೋಗುವ ಮೊದಲು ಒಂದು ಫೋಟೋ ಎಂದರು. ನಾವು ಯಾರೂ ಏಳಲಿಲ್ಲ.

ನಮ್ಮ ಸದಸ್ಯ ಮಾತ್ರ ಬರಲಿಲ್ಲ. ಒಂದು ತಿಂಗಳು ಬೆಂಗಳೂರಿಗೆ ಹೋಗಿದ್ದ, ಒಂದು ತಿಂಗಳು ಯಾರದೋ ಮದುವೆ, ಒಂದು ತಿಂಗಳು ಕಾರಣವೂ ಬರಲಿಲ್ಲ. ಬಿಸಿಲು ಏರತೊಡಗಿತ್ತು. ಮಳೆಗಾಲಕ್ಕೆ ಹೆಚ್ಚು ದಿನ ಇರಲಿಲ್ಲ. ಜನ ಮತ್ತೆ ಕಡಿಮೆಯಾಗತೊಡಗಿದರು.

ಒಂದು ಶನಿವಾರ ಮುಂಜಾನೆ ಅತ್ತೆ ತಲೆ ಬಾಚಿಕೊಂಡು, ಇಳಕಲ್ ಸೀರೆ ಉಟ್ಟು, ಕೋಲು ಹಿಡಿದು ಹೊರಟರು. ಎಲ್ಲಿಗೆ ಎಂದರೆ, “ಅವನ ಮನೀಗೆ,” ಎಂದರು. ನಾನು ಹಿಂದೆ ಓಡಿದೆ. ಅವನ ಮನೆಯ ಕಟ್ಟೆಯ ಮೇಲೆ ಅತ್ತೆ ಕೂತರು. ಅವನ ತಾಯಿ ಗಾಬರಿಯಾಗಿ ಹೊರಗೆ ಬಂದು, ಒಳಗೆ ಕರೆದರು. ಅತ್ತೆ ಹೋಗಲಿಲ್ಲ.

“ನಿನ್ನ ಮ್ಯಾಲೆ ಸಿಟ್ಟಿಲ್ಲವ್ವಾ. ನಿನ್ನ ಮಗ ನಾಳೆ ಹಳ್ಳದ ದಂಡಿಗೆ ಬರ್ತೇನಿ ಅನ್ನೂತನಕ ನಾ ಇಲ್ಲೇ ಕೂಡ್ತೇನಿ.”

ಅವನು ಒಳಗಿಂದ ಬಂದ. ಟವೆಲ್ ಸುತ್ತಿಕೊಂಡಿದ್ದ, ಗಡ್ಡಕ್ಕೆ ಸಾಬೂನು ಹಚ್ಚಿತ್ತು. “ಆಯಿ, ಬಿಸಲಾಗ ಯಾಕ ಬಂದ್ರಿ? ಫೋನ್ ಮಾಡಿದ್ರ ನಾನ ಬರ್ತಿದ್ದಿನಲ್ಲ.”

“ಫೋನ್ ಮಾಡಿದ್ವಿ. ನೀ ಎತ್ತೂದಿಲ್ಲ.”

ದಾರಿಯಲ್ಲಿ ಹೋಗುವವರು ನಿಂತು ನೋಡುತ್ತಿದ್ದರು. ಅವನು ಅತ್ತೆಯ ಕಾಲ ಬಳಿ ಮೆಟ್ಟಿಲ ಮೇಲೆ ಕೂತ. “ನನಗ ನಿಮ್ಮ ಮಾರಿ ನೋಡಾಕ ಆಗವಲ್ಲದ್ರಿ ಆಯಿ,” ಎಂದ, ಬಹಳ ಮೆತ್ತಗೆ. ಅಷ್ಟು ತಿಂಗಳಲ್ಲಿ ಅವನ ಬಾಯಿಂದ ಬಂದ ಮೊದಲ ಪ್ರಾಮಾಣಿಕ ಮಾತು ಅದು.

“ನೋಡೂದು ಬ್ಯಾಡ. ನೀರ ನೋಡಕೋತ ಉತ್ತರ ಹೇಳು,” ಎಂದರು ಅತ್ತೆ.

ಮರುದಿನ ಬಂದ. ಸುದ್ದಿ ಆಗಲೇ ಹಬ್ಬಿತ್ತು. ಹಳ್ಳದ ಎರಡೂ ದಂಡೆಯಲ್ಲಿ ಜನ. ಆ ದಿನ ಮೊದಲ ಸಲ ನರ್ಸ್ ಬಾಯಿಯ ಸ್ಕೂಟಿ ನಿಂತಿತು. ಅವರು ಇಳಿದು ಹಿಂದಿನ ಸಾಲಿನಲ್ಲಿ ಕೈಕಟ್ಟಿ ನಿಂತರು. ನಾನು ಅವರ ಕಡೆ ನೋಡಲಿಲ್ಲ. ನೋಡಿದರೆ ಹೊರಟುಹೋಗುತ್ತಾರೇನೋ ಎಂಬ ಭಯ.

ಅವನು ಮೊದಲು ಪಕ್ಷ, ಯೋಜನೆ, ಸರ್ಕಾರ ಎಂದು ಏನೇನೋ ಹೇಳತೊಡಗಿದ. ಭಾಷಣ ಕಲಿತಿದ್ದ. ಹಿಂದಿನಿಂದ ನರ್ಸ್ ಬಾಯಿ ಕೇಳಿದರು.

“ಮಳಿ ಬರೂದ್ರೊಳಗ ಸೇತುವಿ ಆಕ್ಕೈತೋ ಇಲ್ಲೋ? ಒಂದ ಮಾತ್ನ್ಯಾಗ ಹೇಳ್ರಿ.”

ಅವನ ಭಾಷಣ ನಿಂತಿತು. ಹಳ್ಳದ ಕಡೆ ನೋಡಿದ. ಕೈ ತಾನಾಗಿ ಕಿವಿಯ ಹಿಂದೆ ಹೋಯಿತು.

“ಆಗಂಗಿಲ್ರಿ,” ಎಂದ. “ಈ ವರ್ಷ ಆಗಂಗಿಲ್ಲ. ಮುಂದಿನ ವರ್ಷನೂ ಆಕ್ಕೈತಿ ಅಂತ ನಾ ಹೇಳಾಕ ಬರಂಗಿಲ್ಲ. ಅವರು ನನಗ ಹೇಳಿದ್ದು ಬ್ಯಾರೆ, ಈಗ ಹೇಳಾಕತ್ತಿದ್ದು ಬ್ಯಾರೆ.”

ಗದ್ದಲವೇಳುತ್ತದೆ ಎಂದುಕೊಂಡೆ. ಏಳಲಿಲ್ಲ. ಇಷ್ಟು ವರ್ಷಗಳಲ್ಲಿ ಆ ಹಳ್ಳದ ದಂಡೆಯಲ್ಲಿ ನಿಂತು ‘ಆಗಂಗಿಲ್ಲ’ ಎಂದವರು ಯಾರೂ ಇರಲಿಲ್ಲ.

“ಹಂಗಾದ್ರ ಏನ್ ಆಕ್ಕೈತಿ?” ನರ್ಸ್ ಬಾಯಿ ಬಿಡಲಿಲ್ಲ.

“ದಾರಿ ಎತ್ತರ ಮಾಡಿ ದೊಡ್ಡ ಪೈಪ್ ಹಾಕಿಸಬಹುದು. ಎರಡೂ ಕಡೆ ಹಿಡಕೊಳ್ಳಾಕ ಕಟಕಟಿ. ಒಂದು ದೀಪ. ಅದನ್ನ ಮಳಿಗಿಂತ ಮೊದಲ ಮಾಡಸ್ತೇನಿ. ಆಗಲಿಲ್ಲ ಅಂದ್ರ ಇಲ್ಲೇ ಬಂದು ಆಗಲಿಲ್ಲ ಅಂತ ಹೇಳ್ತೇನಿ.” ಕೊನೆಗೆ, “ನಿಮ್ಮನ್ನ ಕೇಳಲಾರದ ಹೋಗಿದ್ದು ತಪ್ಪಾತು,” ಎಂದ.

ಯಾರೂ ಚಪ್ಪಾಳೆ ತಟ್ಟಲಿಲ್ಲ. ಇರಲಿ ಬಿಡು ಎಂದು ಯಾರೂ ಹೇಳಲಿಲ್ಲ. ಕಾಕಾ ಕೋಲಿನ ತುದಿಯಿಂದ ಕಿತ್ತುಹೋದ ಕಾಂಕ್ರೀಟಿನ ಕಡೆ ತೋರಿಸಿ, “ಅಲ್ಲಿಂದ ಚಾಲೂ ಮಾಡ್ಸು,” ಎಂದರು. ಅವನು ಹೂಂ ಎಂದ.

ಕೆಲಸ ಆಯಿತು. ಮಳೆಗಿಂತ ಮೊದಲು ಪೂರ್ತಿ ಆಗಲಿಲ್ಲ. ಒಂದು ಕಡೆಯ ಕಟಕಟೆ ಬಾಕಿ ಉಳಿದು, ಮೊದಲ ಮಳೆಯಲ್ಲಿ ಹಗ್ಗ ಕಟ್ಟಿಕೊಂಡು ದಾಟಿದೆವು. ಆ ತಿಂಗಳ ಸಭೆಗೆ ಅವನು ಬಂದು, ಅದು ಆಗಿಲ್ಲ ಎಂದು ಹೇಳಿ, ಬೈಸಿಕೊಂಡು ಹೋದ. ಮುಂದಿನ ತಿಂಗಳು ಅದೂ ಆಯಿತು. ಈಗ ಹಳ್ಳ ಜೋರಾಗಿ ಬಂದ ದಿನ ಮಾತ್ರ ದಾರಿ ಮುಳುಗುತ್ತದೆ. ಸೇತುವೆ ಇನ್ನೂ ಇಲ್ಲ. ಪಕ್ಷದವರು ಅವನಿಗೆ ಕೊಡುತ್ತೇವೆ ಎಂದಿದ್ದ ಸ್ಥಾಯಿ ಸಮಿತಿಯ ಕುರ್ಚಿಯೂ ಬೇರೆಯವರ ಪಾಲಾಯಿತು. ಅದನ್ನು ಅವನು ನನ್ನ ಅಂಗಡಿಯಲ್ಲಿ ಕೂತು ಹೇಳಿದಾಗ ನನಗೆ ಸಂತೋಷವೂ ಆಗಲಿಲ್ಲ, ಕನಿಕರವೂ ಹುಟ್ಟಲಿಲ್ಲ. ಚಹಾ ಮಾಡಿ ಕೊಟ್ಟೆ. ‘ರಿ’ ಹಚ್ಚುವುದನ್ನು ಇನ್ನೂ ಬಿಟ್ಟಿಲ್ಲ.

ಅವನನ್ನು ಮತ್ತೆ ನಂಬಿದಿರಾ ಎಂದು ನನ್ನ ತಂಗಿ ಒಮ್ಮೆ ಫೋನಿನಲ್ಲಿ ಕೇಳಿದಳು. ಇಲ್ಲ ಎಂದೆ. ಒಬ್ಬ ಮನುಷ್ಯನನ್ನು ಆರಿಸಿ, ಗುಲಾಲು ಹಾರಿಸಿ, ಇನ್ನು ಇವನು ನೋಡಿಕೊಳ್ಳುತ್ತಾನೆ ಎಂದು ಬಾಗಿಲು ಹಾಕಿಕೊಂಡು ಒಳಗೆ ಹೋಗುವುದನ್ನು ನಾವು ನಂಬಿಕೆ ಎಂದು ಕರೆದಿದ್ದೆವು. ಅಂಥ ನಂಬಿಕೆ ನನ್ನಲ್ಲಿ ಇನ್ನು ಹುಟ್ಟುವುದಿಲ್ಲ. ಯಾರ ಬಾಗಿಲಲ್ಲೂ ನಿಂತು ನನ್ನ ಮುಖ ನೋಡಿ ಹಾಕಿರಿ ಎಂದು ಕೇಳುವುದೂ ಇಲ್ಲ. ಇಷ್ಟನ್ನು ನರ್ಸ್ ಬಾಯಿಗೂ ಹೇಳಿದೆ, ಒಂದು ದಿನ ಅವರ ಕುಪ್ಪಸದ ಅಳತೆ ತೆಗೆದುಕೊಳ್ಳುವಾಗ. ಅವರು ಕೈ ಎತ್ತಿ ನಿಂತಿದ್ದರು.

“ಓಟ್ ಹಾಕ್ತೀರೇನ್ರಿ ಮುಂದಿನ ಸಲ?” ಎಂದು ಕೇಳಿಯೇಬಿಟ್ಟೆ.

“ಅದನ್ನ ಹೇಳಂಗಿಲ್ಲ,” ಎಂದರು. “ಭಾನುವಾರ ಮಾತ್ರ ಬರ್ತೇನಿ. ಪಾಳಿ ಬದಲಿ ಮಾಡ್ಕೊಂಡೇನಿ.”

ಮುಂದಿನ ಚುನಾವಣೆಯ ಗಾಳಿ ಈಗ ಬೀಸತೊಡಗಿದೆ. ಟಿಕೆಟ್ ಆಕಾಂಕ್ಷಿಗಳ ಬ್ಯಾನರುಗಳು ವಿದ್ಯುತ್ ಕಂಬಗಳ ಮೇಲೆ ಹಬ್ಬದ ಶುಭಾಶಯ ಹೇಳುತ್ತಿವೆ. ಕಾಕಾ ನನ್ನನ್ನೇ ನಿಲ್ಲಲು ಹೇಳುತ್ತಾರೆ. ಯಾರು ನಿಂತರೂ ಮೊದಲು ದಂಡೆಗೆ ಬಂದು ನಿಲ್ಲಬೇಕು, ಗೆದ್ದ ಮೇಲೂ ತಿಂಗಳು ತಿಂಗಳು ಬಂದು ನಿಲ್ಲಬೇಕು, ನಾನು ನಿಂತರೂ ಅಷ್ಟೇ ಎಂದಿದ್ದೇನೆ. ಅದು ಒಪ್ಪಿಗೆಯೋ ಅಲ್ಲವೋ ಎಂದು ಕಾಕಾ ಇನ್ನೂ ಲೆಕ್ಕ ಹಾಕುತ್ತಿದ್ದಾರೆ.

ಕಳೆದ ಸಲದ ಸಭೆಯ ದಿನ ಜಿಟಿಜಿಟಿ ಮಳೆ. ಕೊಡೆಗಳ ಕೆಳಗೆ ಕೂತಿದ್ದೆವು. ಅತ್ತೆಯ ತಲೆಯ ಮೇಲೆ ಕಾಕಾ ಕೊಡೆ ಹಿಡಿದಿದ್ದರು. ಹೊಸದಾಗಿ ಟಿಕೆಟ್ ಕೇಳುತ್ತಿರುವ ಒಬ್ಬರು ಕಾರು ನಿಲ್ಲಿಸಿ, ಬಿಳಿ ಪ್ಯಾಂಟಿನ ಅಂಚನ್ನು ಎತ್ತಿ ಹಿಡಿದುಕೊಂಡು ಇಳಿದು ಬಂದರು.

“ಇಲ್ಲಿ ಮುಖಂಡರು ಯಾರ್ರಿ?”

“ಯಾರೂ ಇಲ್ರಿ,” ಎಂದರು ನರ್ಸ್ ಬಾಯಿ, ತಾವು ಕೂತಿದ್ದ ಕಲ್ಲಿನ ಮೇಲೆ ಸರಿದು ಜಾಗ ಮಾಡುತ್ತ. “ಬರ್ರಿ, ಕುಂದರ್ರಿ. ನಿಮ್ಮ ಪಾಳಿ ಇನ್ನೂ ಬಂದಿಲ್ಲ.”

ಅವರು ಒದ್ದೆ ಕಲ್ಲನ್ನು ನೋಡಿದರು, ಕಾರಿನ ಕಡೆ ನೋಡಿದರು. ಕರವಸ್ತ್ರ ಹಾಸಿಕೊಂಡು ಕೂತರು. ನಾವು ಕುಡಿಯುವ ನೀರಿನ ಪೈಪಿನ ಮಾತನ್ನು ಮುಂದುವರಿಸಿದೆವು.